ಹುಂಜದ ಕಾಲಿನ ಅರಿಶಿನ ದಾರ

ಒಂದು ಹುಂಜ ಕೂಗಿದ್ದಕ್ಕೆ ಏಳು ಮನೆಗಳಲ್ಲಿ ದೀಪ ಹತ್ತಿದ್ದನ್ನು ನಾನು ಮೊದಲ ಸಲ ಕಂಡದ್ದು ಶಿವಮೊಗ್ಗದ ಗೋಪಾಳದಲ್ಲಿ. ಭದ್ರಾವತಿಯಿಂದ ಸಾಮಾನು ಸಾಗಿಸಿಕೊಂಡು ಬಂದ ಮಾರನೆಯ ಬೆಳಗ್ಗೆ ಅದು. ಪಾತ್ರೆಯ ಮೂಟೆಯನ್ನೂ ಬಿಚ್ಚಿರಲಿಲ್ಲ. ಹಿತ್ತಿಲಿನಲ್ಲಿ ಬುಟ್ಟಿ ಕವುಚಿ ಕೂರಿಸಿದ್ದ ನಮ್ಮ ಹುಂಜ ಹೊಸ ಜಾಗ ಎಂಬ ಸಂಕೋಚವಿಲ್ಲದೆ, ಬೆಳಕು ಹರಿಯುವ ಮೊದಲೇ, ಗಂಟಲು ಹರಿಯುವಂತೆ ಕೂಗಿತು. ಎದುರು ಮನೆಯಲ್ಲಿ ದೀಪ ಹತ್ತಿತು. ಅದರ ಪಕ್ಕದ್ದರಲ್ಲಿ ಹತ್ತಿತು. ಕಿಟಕಿಯಲ್ಲಿ ನಿಂತು ಎಣಿಸಿದೆ, ಒಟ್ಟು ಏಳು. ಪಾಪ, ಯಾರ ಮನೆಯಲ್ಲೋ ಸಾವಾಗಿರಬೇಕು ಎಂದುಕೊಂಡೆ. ಹುಂಜ ಕೂಗಿದ್ದಕ್ಕೆ ಜನ ಏಳುತ್ತಾರೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಂದದ್ದನ್ನೂ ವಲಸೆ ಅಂತೀಯಾ ಮಾರಾಯ್ತಿ, ಬಸ್ಸಿನಲ್ಲಿ ಒಂದು ನಿದ್ದೆಗೂ ಸಾಲದ ದಾರಿ ಎಂದು ನಮ್ಮ ಹಳೆಯ ಕ್ವಾರ್ಟರ್ಸಿನ ನೀವೆಲ್ಲ ನಗುತ್ತೀರಿ. ನಗಿ. ಲೈನ್ ಬಿಟ್ಟು ಹೊರಡುವ ದಿನ ನಾನೂ ನಕ್ಕಿದ್ದೆ. ವಾರಕ್ಕೆ ಎರಡು ಸಲ ಬರ್ತೀನಿ, ನನ್ನ ಒಳಕಲ್ಲು ಯಾರೂ ಮುಟ್ಟಬೇಡಿ ಎಂದು ಹೇಳಿ ಬಂದಿದ್ದೆ. ದೂರವನ್ನು ಮೈಲಿಯಲ್ಲಿ ಅಳೆಯಬಾರದೆಂದು ಗೊತ್ತಾಗಿದ್ದು ಆ ಏಳು ದೀಪ ನೋಡಿದ ಮೇಲೆ.

ನಮ್ಮ ಕ್ವಾರ್ಟರ್ಸಿನ ಲೈನಿನಲ್ಲಿ ಹನ್ನೆರಡು ಮನೆ ಇದ್ದದ್ದು ನಿಮಗೆ ಗೊತ್ತೇ ಇದೆ. ಒಂದು ಮನೆಯಲ್ಲಿ ಮೆಣಸಿನಕಾಯಿ ಹುರಿದರೆ ಮೂರನೆಯ ಮನೆಯಲ್ಲಿ ಕೆಮ್ಮುತ್ತಿದ್ದರು. ಒಬ್ಬರ ಜಗಳ ತಮಿಳಿನಲ್ಲಿ, ಇನ್ನೊಬ್ಬರದು ತೆಲುಗಿನಲ್ಲಿ, ರಾಜಿ ಮಾತ್ರ ಕನ್ನಡದಲ್ಲಿ. ಎಲ್ಲದರ ಮೇಲೆ ಕಾರ್ಖಾನೆಯ ಸೈರನ್. ಆ ಸೈರನ್ನಿಗೆ ಎದ್ದು ಅಭ್ಯಾಸವಾದವರಿಗೆ ಹುಂಜದ ಕೂಗು ಎಲ್ಲಿ ಕೇಳಬೇಕು. ಹನ್ನೆರಡು ಮನೆಗೆ ಒಂಬತ್ತು ಹುಂಜ ಇದ್ದವು. ನಿದ್ದೆ ಕೆಟ್ಟಿತು ಎಂದು ಒಬ್ಬರೂ ಹೇಳಿದ್ದು ನನಗೆ ನೆನಪಿಲ್ಲ.

ಈ ಹುಂಜ ಪಕ್ಕದ ಮನೆಯ ಸೆಲ್ವಿ ಅಕ್ಕನ ಹೇಂಟೆಯ ಮರಿ. ನನ್ನ ಮಗಳು ಸುಮಾ ಅದನ್ನು ಅಂಗೈಯಷ್ಟು ಇದ್ದಾಗಲೇ ಫ್ರಾಕಿನಲ್ಲಿ ಸುತ್ತಿಕೊಂಡು ತಂದಿದ್ದಳು. ಕೂಗಲು ಕಲಿತ ಮೇಲೆ ಅದು ಬೆಳಗಿನ ಸೈರನ್ ಶುರುವಾದ ಕೂಡಲೇ ಜೊತೆಗೆ ಕೂಗಿ, ಸೈರನ್ ನಿಂತ ಮೇಲೂ ಒಂದು ಸಲ ಹೆಚ್ಚಿಗೆ ಕೂಗುತ್ತಿತ್ತು. ಸುಮಾ ಅದಕ್ಕೆ ಸೈರನ್ ಎಂದೇ ಹೆಸರಿಟ್ಟಳು. ಅವಳು ಕಾಳು ಹಿಡಿದು ಕೈ ಚಾಚಿದರೆ ಬಂದು ತಿನ್ನುತ್ತಿತ್ತು. ನಾನು ಚಾಚಿದರೆ ಕುಟುಕುತ್ತಿತ್ತು.

ಸುಮಾಗೆ ಎಂಟು ವರ್ಷವಾದಾಗ ಬೆಳಗ್ಗೆ ಏಳುವಷ್ಟರಲ್ಲಿ ಮುಖ ಊದಿರುವುದು ಶುರುವಾಯಿತು. ಕಿಡ್ನಿಯ ಕಾಯಿಲೆ ಎಂದರು. ಉಪ್ಪು ಮುಟ್ಟಿಸಬಾರದು ಎಂದರು. ವಿಷಯ ತಿಳಿದು ಹೊಳಲೂರಿನಿಂದ ನಮ್ಮ ಅತ್ತೆ ಬಂದರು. ಅವರಿಗೆ ಡಾಕ್ಟರ ಮೇಲೆ ನಂಬಿಕೆ ಇಲ್ಲವೆಂದಲ್ಲ, ಆದರೆ ಊರಮ್ಮನಿಗೆ ಹೇಳದೆ ಯಾವ ಡಾಕ್ಟರೂ ಏನೂ ಮಾಡಲಾರ ಎಂಬುದು ಅವರ ಲೆಕ್ಕ. ಲೈನಿನ ಒಂಬತ್ತು ಹುಂಜಗಳಲ್ಲಿ ಅವರ ಕಣ್ಣಿಗೆ ಬಿದ್ದದ್ದು ಇದೇ. ಅರಿಶಿನ ಹಚ್ಚಿದ ದಾರವನ್ನು ಅದರ ಕಾಲಿಗೆ ಕಟ್ಟಿ, ಮಗು ಹುಷಾರಾದರೆ ಈ ಜೀವ ನಿನ್ನದು ತಾಯಿ ಎಂದು ಹೊಳಲೂರಿನ ದಿಕ್ಕಿಗೆ ಕೈ ಮುಗಿದರು. ಹಾಗೆ ದಾರ ಕಟ್ಟಿದ ಹುಂಜವನ್ನು ಮಾರುವಂತಿಲ್ಲ, ಯಾರಿಗೂ ಕೊಡುವಂತಿಲ್ಲ, ಹೋದಲ್ಲೆಲ್ಲ ಜೊತೆಗೆ ಒಯ್ಯಬೇಕು. ದಾರವನ್ನು ಬಿಚ್ಚಬೇಕಾದವರು ಕಟ್ಟಿದವರೇ, ಅದೂ ದೇವಿಯ ಎದುರು.

ಸುಮಾ ಬಾಗಿಲಲ್ಲಿ ನಿಂತು ನೋಡಿದಳು. "ಅಮ್ಮಾ, ನಾನು ಹುಷಾರಾದ್ರೆ ಸೈರನ್‌ನ ಏನ್ ಮಾಡ್ತಾರೆ?" ಎಂದು ಕೇಳಿದಳು.

"ದೇವಸ್ಥಾನದಲ್ಲಿ ಬಿಟ್ಟು ಬರ್ತಾರೆ, ಅಲ್ಲೇ ಇರತ್ತೆ" ಎಂದೆ. ನಾವು ಗೌಡರು. ಹುಂಜವನ್ನು ಅಮ್ಮನಿಗೆ ಬಿಡುವುದೆಂದರೆ ಏನೆಂದು ನಮ್ಮ ಮನೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಸುಳ್ಳು ಹೇಳಿದೆ.

ಸುಮಾಳನ್ನು ವಾರಕ್ಕೆರಡು ಸಲ ಶಿವಮೊಗ್ಗದ ಆಸ್ಪತ್ರೆಗೆ ಕರೆತರಬೇಕಾಯಿತು. ಬಸ್ಸಿನಲ್ಲಿ ಅವಳು ಸೊರಗಿಹೋಗುತ್ತಿದ್ದಳು. ಕೊನೆಗೆ ಯಜಮಾನರು, ನಾನು ಬೇಕಾದರೆ ಶಿಫ್ಟಿಗೆ ಬಸ್ಸಿನಲ್ಲಿ ಓಡಾಡ್ತೀನಿ, ಮಗು ಓಡಾಡೋದು ಬೇಡ ಎಂದರು. ಹೀಗೆ ನಮ್ಮ ವಲಸೆ.

ಮನೆ ಹುಡುಕುವಾಗ ಎರಡೂರಿನ ವ್ಯತ್ಯಾಸ ಚೆನ್ನಾಗಿ ಅರ್ಥವಾಯಿತು. ಭದ್ರಾವತಿಯಲ್ಲಿ ಹೊಸಬರು ಬಂದರೆ ಯಾವ ಶಿಫ್ಟು ಎಂದು ಕೇಳುತ್ತೇವೆ. ಇಲ್ಲಿ ಯಾವ ಜನ ಎಂದು ಕೇಳುತ್ತಾರೆ. ಕೆಟ್ಟ ಮನಸ್ಸಿನಿಂದಲ್ಲ, ಮಳೆ ಬಂತಾ ಎಂದು ಕೇಳಿದಷ್ಟೇ ಸಲೀಸಾಗಿ. ಕಡೆಗೆ ಪಾರ್ವತಮ್ಮನವರ ಮನೆಯ ಪಕ್ಕದ ಪೋರ್ಷನ್ ಸಿಕ್ಕಿತು. ಪೋರ್ಷನ್ ಎಂದರೆ ಇಲ್ಲಿ ಮನೆಯಲ್ಲ, ಬೇರೆಯವರ ಮನೆಯ ಒಂದು ತುಂಡು. ಪಾರ್ವತಮ್ಮ ಲಿಂಗಾಯತರು, ಅವರ ಮಗನಿಗೆ ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ. ಬೆಳಗಿನ ಪೂಜೆಯಾಗದೆ ತೊಟ್ಟು ನೀರು ಕುಡಿಯದ ಹೆಂಗಸು.

"ಮಾಂಸ ಗೀಂಸ ಮಾಡೋ ಹಾಗಿಲ್ಲ ನೋಡಮ್ಮ. ಮೊಟ್ಟೆನೂ ಇಲ್ಲ" ಎಂದು ಸಾಮಾನು ಇಳಿಸುವ ದಿನ ಹೇಳಿದರು.

"ಮಾಡಲ್ಲಮ್ಮ."

"ಮತ್ತೆ ಇದು?" ಎಂದು ನನ್ನ ಕಂಕುಳಿನ ಬುಟ್ಟಿಯತ್ತ ನೋಡಿದರು.

"ಇದು ತಿನ್ನೋಕಲ್ಲಮ್ಮ. ಹರಕೇದು. ಮಗೂಗೆ ಹುಷಾರಾಗ್ಲಿ ಅಂತ."

ಅವರು ಹುಂಜದ ಕಾಲಿನ ದಾರ ನೋಡಿದರು, ಸುಮಾಳ ಊದಿದ ಕೆನ್ನೆ ನೋಡಿದರು. "ದೇವರ ವಿಷ್ಯ ಅಂದ್ರೆ ನಾನೇನ್ ಹೇಳಲಿ. ಮಗು ಹುಷಾರಾಗೋ ತನಕ ಇರ್ಲಿ" ಎಂದರು. ಅಷ್ಟು ಸಾಕಾಗಿತ್ತು ನಮಗೆ.

ಗೋಪಾಳದಲ್ಲಿ ನಾನು ಕಲಿತ ಮೊದಲ ಮಾತು ಡಿಸ್ಟರ್ಬ್. ನಮ್ಮ ಲೈನಿನಲ್ಲಿ ಈ ಪದದ ಅಗತ್ಯವೇ ಬಿದ್ದಿರಲಿಲ್ಲ. ಇಲ್ಲಿ ಟೀವಿ ಜೋರಾದರೆ ಡಿಸ್ಟರ್ಬ್, ಒಗೆಯುವ ಕಲ್ಲಿನ ಸದ್ದು ಡಿಸ್ಟರ್ಬ್. ಎದುರು ಮನೆಯ ಕಾಲೇಜು ಮೇಷ್ಟ್ರು ಗೇಟಿನ ಆಚೆ ನಿಂತು, ಚಪ್ಪಲಿ ಬಿಚ್ಚಬೇಕೋ ಬೇಡವೋ ಎಂದು ಯೋಚಿಸುತ್ತಾ, "ತಪ್ಪು ತಿಳ್ಕೋಬೇಡಿ, ಮಗಂಗೆ ಪರೀಕ್ಷೆ ಇದೆ. ಸ್ವಲ್ಪ ಡಿಸ್ಟರ್ಬ್ ಆಗತ್ತೆ" ಎಂದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿತ್ತು. ಇಷ್ಟು ಮೆತ್ತಗೆ ಮಾತಾಡುವವರ ಎದುರು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ಬೀದಿದೀಪದ ಹಳದಿ ಬೆಳಕಿಗೆ ಹುಂಜದ ತಲೆ ಕೆಟ್ಟು ಬೆಳಗಾಯಿತೆಂದು ಭ್ರಮಿಸುತ್ತದೆ ಎಂದು ಯಾರೋ ಹೇಳಿದರು. ಬುಟ್ಟಿಗೆ ಗೋಣಿಚೀಲ ಹೊದಿಸಿದೆ. ಪ್ರಯೋಜನವಾಗಲಿಲ್ಲ. ಬಚ್ಚಲುಮನೆಯಲ್ಲಿ ಕೂರಿಸಿದೆ, ಅಲ್ಲಿನ ಗೋಡೆಗಳು ಅದರ ಕೂಗನ್ನು ನಾಲ್ಕು ಪಾಲು ಮಾಡಿ ಹಂಚಿದವು. ತಲೆ ಎತ್ತಲಾಗದಷ್ಟು ತಗ್ಗಿನ ಪೆಟ್ಟಿಗೆಯಲ್ಲಿಟ್ಟರೆ ಕೂಗಲಾರದಂತೆ. ಅದನ್ನೂ ಮಾಡಿದೆ. ಸುಮಾ ಪೆಟ್ಟಿಗೆಯ ಪಕ್ಕ ಕೂತು, ಅವನ ಕತ್ತು ನೋಯತ್ತೆ ಅಮ್ಮಾ ಎಂದು ಅತ್ತು, ನಾನು ಒಳಗೆ ಹೋದ ಕೂಡಲೇ ಬಿಟ್ಟುಬಿಟ್ಟಳು. ಮೇಷ್ಟ್ರ ಮಗನಿಗೆ ಆ ವರ್ಷ ಒಳ್ಳೆಯ ಅಂಕ ಬಂತು. ಹುಂಜದ ದೆಸೆಯಿಂದ ಬೇಗ ಎದ್ದು ಓದಿದ್ದಕ್ಕೆ ಎಂದು ನಾನು ಎಲ್ಲರಿಗೂ ಹೇಳಿದೆ. ಆ ಬೀದಿಯಲ್ಲಿ ನನ್ನ ಮಾತಿಗೆ ಜನ ನಕ್ಕದ್ದು ಅದೇ ಮೊದಲು, ನನಗೆ ಒಂದು ಪದಕ ಸಿಕ್ಕಷ್ಟು ಖುಷಿಯಾಯಿತು.

ಅಡುಗೆಮನೆಯಲ್ಲೂ ಎರಡು ಊರು ಇದ್ದವು. ಯಜಮಾನರ ಬುತ್ತಿಗೆ ಉಪ್ಪು ಹಾಕಿದ ಸಾರು, ಸುಮಾಗೆ ಉಪ್ಪಿಲ್ಲದ್ದು. ಅವಳೊಬ್ಬಳೇ ಸಪ್ಪೆ ತಿನ್ನುವುದನ್ನು ನೋಡಲಾರದೆ ನಾನೂ ಅದನ್ನೇ ಉಣ್ಣುತ್ತಿದ್ದೆ. ನಿಂಬೆಹುಳಿ, ಕೊತ್ತಂಬರಿ, ಹುರಿದ ಬೆಳ್ಳುಳ್ಳಿ ಹೀಗೆ ಏನೇನೋ ಹಾಕಿ ನಾಲಗೆಗೆ ಮೋಸ ಮಾಡುವುದನ್ನು ಕಲಿತೆವು. ಮೊದಮೊದಲು ಊತ ಇಳಿಯುತ್ತಾ ಬಂತು. ಆಮೇಲೆ ಯಾಕೋ ಏರತೊಡಗಿತು. ಡಾಕ್ಟರು ನನ್ನನ್ನೇ ಕೇಳಿದರು, ಪಥ್ಯ ಸರಿಯಾಗಿ ಮಾಡ್ತಿದೀರಾ ಎಂದು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

ಕಾರಣ ಸಿಕ್ಕಿದ್ದು ಬಟ್ಟೆ ಒಗೆಯುವಾಗ. ಸುಮಾಳ ಫ್ರಾಕಿನ ಜೇಬಿನಲ್ಲಿ ಏನೋ ಗರಗರ ಅಂದಿತು. ಕೈ ಹಾಕಿದರೆ ಕಲ್ಲುಪ್ಪಿನ ಹರಳು. ಇನ್ನೊಂದು ಫ್ರಾಕಿನಲ್ಲೂ ಇತ್ತು. ಜಾಡಿಯಿಂದ ಕದ್ದು ಪೆಪ್ಪರಮೆಂಟಿನ ಹಾಗೆ ಚೀಪುತ್ತಿದ್ದಳು. ಬಾಯಿಚಪಲ ಎಂದುಕೊಂಡು, ಹೊಡೆಯಬೇಕೆಂದೇ ಒದ್ದೆ ಕೈಯಲ್ಲಿ ಒಳಗೆ ಹೋದೆ.

"ಏನೇ ಇದು? ಉಪ್ಪು ತಿಂದ್ರೆ ಹುಷಾರಾಗಲ್ಲ ಅಂತ ಡಾಕ್ಟ್ರು ಹೇಳಲಿಲ್ವಾ?"

"ಹೇಳಿದ್ರು" ಎಂದಳು.

"ಮತ್ತೆ?"

ಅವಳು ಫ್ರಾಕಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, "ಅದಕ್ಕೇ ತಿಂದೆ. ಹುಷಾರಾದ್ರೆ ಅಜ್ಜಿ ಸೈರನ್‌ನ ಕಡೀತಾರೆ. ಬಿಟ್ಟು ಬರ್ತಾರೆ ಅಂತ ನೀನು ಸುಳ್ಳು ಹೇಳಿದ್ದು" ಎಂದಳು.

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಸ್ವಲ್ಪ ಕಾಯಿಲೆ ಉಳಿಸಿಕೊಂಡರೆ ಹುಂಜ ಉಳಿಯುತ್ತದೆ ಎಂಬುದು ಒಂಬತ್ತು ವರ್ಷದ ಮಗುವಿನ ಉಪಾಯ. ಅವಳಿಗೆ ಕಾಯಿಲೆ ಎಂದರೆ ಊದಿದ ಮುಖ, ಸಪ್ಪೆ ಅನ್ನ, ಶಾಲೆಗೆ ರಜೆ, ಇಷ್ಟೇ. ಅದರಾಚೆಗೆ ಇನ್ನೇನಾದರೂ ಆಗಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುತ್ತೇನೆ.

ಅವತ್ತೇ ಗಾಂಧಿ ಬಜಾರಿಗೆ ಹೋಗಿ ದೊಡ್ಡದೊಂದು ಬೂದುಗುಂಬಳಕಾಯಿ ತಂದೆ. ಜೀವ ಕೊಡಲಾಗದವರು ಅಮ್ಮನಿಗೆ ಕುಂಬಳಕಾಯಿ ಒಡೆಯುವುದುಂಟು. ಆದರೆ ಅದನ್ನು ಮೊದಲೇ ಹೇಳಿಕೊಳ್ಳಬೇಕು. ಹುಂಜ ಎಂದು ನುಡಿದು ದಾರ ಕಟ್ಟಿದ ಮೇಲೆ ಬದಲಿಸುವಂತಿಲ್ಲ. ನನಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಸುಮಾಳ ಎದುರಿಗೇ ಹುಂಜವನ್ನು ತೊಡೆಯ ಮೇಲೆ ಅದುಮಿ ಹಿಡಿದು, ಕತ್ತರಿಯಿಂದ ದಾರ ಕತ್ತರಿಸಿ, ಅದನ್ನು ಕುಂಬಳಕಾಯಿಯ ತೊಟ್ಟಿಗೆ ಸುತ್ತಿದೆ. "ತಾಯಿ, ಇನ್ನು ಇದು ನಿನ್ನದು, ಹುಂಜ ಮಗೂದು" ಎಂದೆ. ಅತ್ತೆಗಾಗಲಿ ಯಜಮಾನರಿಗಾಗಲಿ ಹೇಳಲಿಲ್ಲ. ಕಾಯಿಯನ್ನು ಅಡುಗೆಮನೆಯ ಮೂಲೆಯಲ್ಲಿ ಹಗ್ಗದ ಬಲೆಯಲ್ಲಿ ತೂಗುಹಾಕಿದೆ.

"ಸೈರನ್‌ನ ಯಾರಿಗೂ ಕಡಿಯೋಕೆ ಬಿಡಲ್ಲ ತಾನೆ?" ಎಂದು ಕೇಳಿದಳು.

"ನಾನಿರೋ ತನಕ ಬಿಡಲ್ಲ."

"ಹಂಗಾದ್ರೆ ಈಗ ನಾನು ಹುಷಾರಾಗಬಹುದಾ ಅಮ್ಮಾ?"

ಆಗು ಎಂದೆ. ಈಗಲೂ ಪಾತ್ರೆ ತಿಕ್ಕುವಾಗ, ಬಸ್ಸಿನಲ್ಲಿ ಕೂತಾಗ ಆ ಪ್ರಶ್ನೆ ಬರುತ್ತದೆ. ನಾನು ಆಗು ಎನ್ನುತ್ತೇನೆ.

ಅವಳು ಮಾತು ಉಳಿಸಿಕೊಂಡಳು. ಮತ್ತೆ ಉಪ್ಪು ಮುಟ್ಟಲಿಲ್ಲ. ಊತ ಇಳಿದು ಅವಳ ಹಳೆಯ ಮುಖ ಮರಳಿ ಬಂತು. ಗಲ್ಲದ ಗುಳಿ ನೋಡಿ ಎಷ್ಟು ದಿನವಾಗಿತ್ತು. ಎರಡು ವಾರ ಗೇಟಿನವರೆಗೆ ಓಡಾಡಿದಳು, ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಪಾರ್ವತಮ್ಮನವರಿಗೆ ಕ್ವಾರ್ಟರ್ಸಿನ ಕತೆ ಹೇಳಿದಳು. ಆಮೇಲೆ ಜ್ವರ ಬಂತು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದಳು. ಡಾಕ್ಟರು ಕೈಲಾದದ್ದೆಲ್ಲ ಮಾಡಿದರು. ಹತ್ತನೆಯ ದಿನ ಬೆಳಗ್ಗೆ ಹೋದಳು.

ಅದು ಸೋಂಕಿನಿಂದ ಆದದ್ದು, ಉಪ್ಪಿನಿಂದ ಅಲ್ಲಮ್ಮ ಎಂದು ಡಾಕ್ಟರು ಎರಡು ಸಲ ಹೇಳಿದರು. ಉಪ್ಪಿನ ವಿಷಯ ಅವರನ್ನು ಕೇಳಬಹುದಿತ್ತು, ಕೇಳಿದೆ. ದಾರದ ವಿಷಯ ಯಾರನ್ನು ಕೇಳಲಿ.

ಹೊಳಲೂರಿನ ನಮ್ಮ ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು. ಮೂರನೆಯ ದಿನ ಹಾಲು ಬಿಟ್ಟು ಗೋಪಾಳಕ್ಕೆ ವಾಪಸ್ಸಾದೆವು. ಅತ್ತೆಯೂ ಜೊತೆಗೆ ಬಂದರು. ಹಿತ್ತಿಲಿನಲ್ಲಿ ಕೈಕಾಲು ತೊಳೆಯುವಾಗ ಅವರ ಕಣ್ಣು ಹುಂಜದ ಕಾಲಿನ ಮೇಲೆ ಬಿತ್ತು.

"ದಾರ ಎಲ್ಲಿ?"

"ನಾನೇ ಕತ್ತರಿಸಿದೆ ಅತ್ತೆ. ಮಗು ಬೇಡ ಅಂತು."

ಅವರು ತಂಬಿಗೆ ಕೆಳಗಿಟ್ಟರು. "ಹಂಗಾದ್ರೆ ಹುಂಜ ಉಳಿಸ್ಕಂಡೆ" ಎಂದರು. ಅಷ್ಟೇ. ಯಜಮಾನರು ಬಾಗಿಲಲ್ಲಿ ನಿಂತಿದ್ದರು. "ಅವ್ವಾ, ಸುಮ್ನಿರು" ಎಂದರು. ಅತ್ತೆ ಸಂಜೆಯ ಬಸ್ಸಿಗೆ ಹೊಳಲೂರಿಗೆ ಹೋದರು. ಅವರನ್ನು ನಾನು ಕೆಟ್ಟವರೆನ್ನುವುದಿಲ್ಲ. ಅವರಿಗಿದ್ದದ್ದೂ ಅವಳೊಬ್ಬಳೇ ಮೊಮ್ಮಗಳು.

ಗೋಪಾಳದ ಬೀದಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಒಂದೂವರೆ ತಿಂಗಳು ಯಾರೂ ಹುಂಜದ ಸುದ್ದಿ ಎತ್ತಲಿಲ್ಲ. ಅದು ಕೂಗುತ್ತಿತ್ತು, ದೀಪಗಳು ಹತ್ತುತ್ತಿದ್ದವು, ಆರುತ್ತಿದ್ದವು. ನಮ್ಮ ಲೈನಿನಲ್ಲಾಗಿದ್ದರೆ ಹನ್ನೆರಡು ಮನೆಯವರೂ ಬಂದು ನನ್ನ ಜೊತೆ ಎದೆ ಬಡಿದುಕೊಂಡು ಅಳುತ್ತಿದ್ದರು. ಇಲ್ಲಿಯವರು ಬಾಗಿಲಿಗೆ ಬರಲಿಲ್ಲ, ಆದರೆ ನಿದ್ದೆ ಬಿಟ್ಟುಕೊಟ್ಟರು. ಇಲ್ಲಿನ ಜನ ದುಃಖ ತೋರಿಸುವ ರೀತಿ ಅದು ಎಂದು ತಿಳಿಯಲು ನನಗೆ ಸಮಯ ಹಿಡಿಯಿತು. ಕಡೆಗೆ ಒಂದು ದಿನ ಪಾರ್ವತಮ್ಮ ಬಂದು ಕೂತರು. "ಲಲಿತಾ, ನಾನು ಮಗು ಹುಷಾರಾಗೋ ತನಕ ಅಂದಿದ್ದೆ..." ಎಂದು ಶುರು ಮಾಡಿದರು. ಸೆರಗು ಬಾಯಿಗಿಟ್ಟುಕೊಂಡರು. ಅವರು ಕೊಟ್ಟ ಗಡುವು ಇನ್ನು ಯಾವತ್ತೂ ಬರುವುದಿಲ್ಲವಲ್ಲ.

ಆ ಭಾನುವಾರ ಹುಂಜವನ್ನು ಬುಟ್ಟಿಯಲ್ಲಿ ಹಾಕಿಕೊಂಡು ಭದ್ರಾವತಿಯ ಬಸ್ಸು ಹತ್ತಿದೆ. ಬೀದಿಯವರಿಗೆ ತೊಂದರೆ, ಅದಕ್ಕೇ ಒಯ್ದೆ ಎಂದು ನಿಮಗೆಲ್ಲ ಹೇಳಿದೆ. ಅದು ಸುಳ್ಳು. ಪ್ರತಿ ಬೆಳಗ್ಗೆ ಅದು ಕೂಗಿದಾಗ ನನಗೆ ಅತ್ತೆಯ ಮಾತೇ ಕೇಳಿಸುತ್ತಿತ್ತು. ಮಗಳು ಅಷ್ಟು ಪ್ರೀತಿಸಿದ ಪ್ರಾಣಿಯ ಮುಖ ನೋಡಿದರೆ ನನಗೆ ದ್ವೇಷ ಬರುತ್ತಿತ್ತು. ಒಂದು ದಿನ ಕಾಳು ಹಾಕದೆ ಇದ್ದೆ. ಅವತ್ತೇ ತೀರ್ಮಾನ ಮಾಡಿದೆ, ನನ್ನ ಕೈಯಿಂದ ಇದನ್ನು ಉಳಿಸಬೇಕಾದರೆ ನನ್ನಿಂದ ದೂರ ಇಡಬೇಕು.

ಸೆಲ್ವಿ ಅಕ್ಕ ಬುಟ್ಟಿ ಇಸಿದುಕೊಂಡು, ತನ್ನ ತಮಿಳು ಮುದ್ದಿನ ಮಾತು ಸೇರಿಸಿ ಸಮಾಧಾನ ಮಾಡಿದಳು. "ಅಳಬೇಡ ಕಣ್ಣು. ನಾನು ಇರೋವರೆಗೂ ಇದರ ಮೇಲೆ ಕತ್ತಿ ಬೀಳಲ್ಲ" ಎಂದಳು. ಬುಟ್ಟಿ ತೆರೆದ ಕೂಡಲೇ ಅದು ಮೈ ಕೊಡವಿಕೊಂಡು, ಎಂದೂ ಬಿಟ್ಟೇ ಹೋಗಿರದ ಹಾಗೆ, ಹಳೆಯ ಕಲ್ಲಿನ ಮೇಲೆ ಹತ್ತಿ ನಿಂತಿತು. ಅಲ್ಲಿ ಅದು ಎಷ್ಟು ಕೂಗಿದರೂ ಯಾರಿಗೂ ಕೇಳಿಸುವುದಿಲ್ಲ. ಯಜಮಾನರು ಶಿಫ್ಟಿಗೆ ಮೊದಲು ದಿನವೂ ಸೆಲ್ವಿ ಅಕ್ಕನ ಅಂಗಳಕ್ಕೆ ಹೋಗಿ ಜೇಬಿನಿಂದ ಒಂದು ಹಿಡಿ ಜೋಳ ಹಾಕುತ್ತಾರಂತೆ. ಮನೆಯಲ್ಲಿ ಯಾಕೆ ಒಂದು ಬಸ್ಸು ಮುಂಚೆ ಹೊರಡ್ತೀರಿ ಎಂದರೆ ಇವತ್ತಿಗೂ ರಶ್ ಇರತ್ತೆ ಎನ್ನುತ್ತಾರೆ.

ಉಳಿದದ್ದು ಕುಂಬಳಕಾಯಿ. ಮಗು ಹುಷಾರಾಗಿದ್ದರೆ ಅಮ್ಮನೆದುರು ಒಡೆಯುತ್ತಿದ್ದೆ. ಈಗ ಕೊಡುವಂತಿಲ್ಲ, ಬೇಯಿಸುವಂತಿಲ್ಲ, ತಿಪ್ಪೆಗೆ ಹಾಕಲು ಮನಸ್ಸಿಲ್ಲ. ಬಲೆಯಲ್ಲಿ ಹಾಗೆಯೇ ತೂಗಾಡುತ್ತಿತ್ತು. ಮಳೆಗಾಲ ಬರುವ ಹೊತ್ತಿಗೆ ತೊಟ್ಟಿನ ಹತ್ತಿರ ನೀರೊಸರತೊಡಗಿತು. ಹಿತ್ತಿಲಿನಲ್ಲಿ ಹುಂಜದ ಬುಟ್ಟಿ ಇದ್ದ ಜಾಗದಲ್ಲೇ ಗುಂಡಿ ತೋಡಿ, ದಾರದ ಸಮೇತ ಹೂತೆ. ಹೂಳುವಾಗ ಮೊದಲ ಸಲ ಗಟ್ಟಿಯಾಗಿ ಅತ್ತುಬಿಟ್ಟೆ. ಹೊಳಲೂರಿನಲ್ಲಿ ಅಷ್ಟು ಜನರ ನಡುವೆ ಬಾರದ ಅಳು ಅದು.

ಹುಂಜದ ಗೊಬ್ಬರ ತಿಂದ ನೆಲ. ಬಳ್ಳಿ ಎದ್ದು ಕಾಂಪೌಂಡ್ ಏರಿ ಬೀದಿಯ ಕಡೆಗೆ ಬಗ್ಗಿತು. ಕಾಯಿಗಳು ಬೂದಿ ಬಳಿದುಕೊಂಡು ಬಲಿತವು. ಪಾರ್ವತಮ್ಮ ದಿನಾ ಎಣಿಸುತ್ತಿದ್ದರು. "ಇಷ್ಟೊಂದು ಯಾರ್ ತಿಂತಾರೆ ಲಲಿತಾ, ಬೀದಿಯೋರಿಗೆ ಕೊಡೋಣ" ಎಂದರು. ನಾನು ಬೇಡವೆನ್ನಲಿಲ್ಲ. ಇಬ್ಬರೂ ಹೋಗಿ ಕೊಟ್ಟೆವು. ಹಂಚಿ ಬಂದ ಮೇಲೆ ನೆನಪಾಯಿತು, ಆ ಮೊದಲ ಬೆಳಗ್ಗೆ ದೀಪ ಹತ್ತಿದ್ದ ಮನೆಗಳೇ ಎಲ್ಲ. ಇದು ಎಲ್ಲಿಂದ ಬಂದ ಬಳ್ಳಿ ಎಂದು ನಾನು ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ.

ಈ ನಡುವೆ ಯಜಮಾನರು ಒಂದು ಸುದ್ದಿ ತಂದರು. ನಮ್ಮ ಹಳೆಯ ಲೈನಿನಲ್ಲಿ ಒಂದು ಮನೆ ಖಾಲಿಯಾಗಿದೆ, ಕೇಳಿದರೆ ಸಿಗಬಹುದು, ಹೋಗೋಣ್ವಾ ಎಂದರು. ನಾವು ಬಂದ ಕೆಲಸ ಮುಗಿದಿತ್ತು, ಇಲ್ಲಿರಲು ಕಾರಣವೇ ಇಲ್ಲ. ಹೋಗೋಣ ಎನ್ನಲು ಬಾಯಿ ತೆರೆದೆ. ಭದ್ರಾವತಿಯಲ್ಲಿ ಅವಳು ಆಡಿದ ಲೈನಿದೆ, ಅವಳ ಹುಂಜವಿದೆ. ಆದರೆ ಹುಷಾರಾಗಬಹುದಾ ಎಂದು ಅವಳು ಕೇಳಿದ್ದು ಈ ಅಡುಗೆಮನೆಯಲ್ಲಿ. ಹೊಳಲೂರಿಗೆ ಹೋಗುವ ಬಸ್ಸೂ ಇಲ್ಲಿಂದಲೇ ಹತ್ತಿರ. ನೋಡೋಣ ಎಂದಷ್ಟೇ ಹೇಳಿದೆ. ಅವರೂ ಒತ್ತಾಯ ಮಾಡಲಿಲ್ಲ.

ಆಗ ಪಾರ್ವತಮ್ಮ ಹಿತ್ತಿಲ ಬಾಗಿಲಿನಿಂದ ಬಟ್ಟಲು ಹಿಡಿದು ಬಂದರು. ನಮ್ಮ ಮನೆಗೆ ಅವರು ತಮ್ಮ ಅಡುಗೆ ತಂದದ್ದು ಅದೇ ಮೊದಲು. "ನಿನ್ ಬಳ್ಳೀದೇ ಕಾಯಿ. ಮಜ್ಜಿಗೆಹುಳಿ ಮಾಡೀನಿ, ರುಚಿ ನೋಡು" ಎಂದು ಎದುರಿಗೇ ಕೂತರು. ಸುಮಾ ಹೋದ ಮೇಲೂ ನಾನು ನನ್ನ ತಟ್ಟೆಗೆ ಉಪ್ಪು ಹಾಕಿಕೊಂಡಿರಲಿಲ್ಲ. ಅದು ಅವರಿಗೆ ಗೊತ್ತಿರಲಿಲ್ಲ, ಯಜಮಾನರಿಗೂ ಗೊತ್ತಿರಲಿಲ್ಲ. ಬೇಡ ಎನ್ನುವ ಹಾಗಿರಲಿಲ್ಲ. ಒಂದು ಹೋಳು ಬಾಯಿಗಿಟ್ಟೆ. ಅಷ್ಟು ದಿನದ ಮೇಲೆ ನಾಲಗೆಯ ಮೇಲೆ ಬಿದ್ದ ಉಪ್ಪು ಗಂಟಲಿನ ತನಕ ಉರಿಯಿತು, ಕಣ್ಣು ತುಂಬಿತು.

"ಯಾಕಮ್ಮ, ಉಪ್ಪು ಜಾಸ್ತಿ ಆಯ್ತಾ?" ಎಂದು ಪಾರ್ವತಮ್ಮ ಗಾಬರಿಯಾದರು.

"ಇಲ್ಲಮ್ಮ, ಸರಿಯಾಗಿದೆ" ಎಂದೆ. ಇನ್ನೊಂದು ಹೋಳು ತೆಗೆದುಕೊಂಡೆ.